ಶಿಲಾರೋಹಣ ಪರಿಕರಗಳು: ಮನೆಯಲ್ಲಿ ತಯಾರಿಸಬಹುದಾದವು ಮತ್ತು ತಯಾರಿಸಬಾರದಂಥವು

ಸಾರ್ವಜನಿಕರ ಹಾಗೂ ತರಬೇತಿ ಶಿಬಿರಗಳಿಗೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ

1. ಪೀಠಿಕೆ

ರಾಮನಗರ, ಸಾವನದುರ್ಗ ಮತ್ತು ಮಧುಗಿರಿಯ ಗ್ರಾನೈಟ್ ಬೆಟ್ಟಗಳು, ಬಾದಾಮಿಯ ಕೆಂಪು ಮರಳುಗಲ್ಲಿನ ಕಡಿದಾದ ಗೋಡೆಗಳು, ಹಂಪಿಯ ಸುತ್ತಲಿನ ಹೆಬ್ಬಂಡೆಗಳು ಕರ್ನಾಟಕವನ್ನು ಶಿಲಾರೋಹಣಕ್ಕೆ ಹೇಳಿ ಮಾಡಿಸಿದ ನಾಡನ್ನಾಗಿ ಮಾಡಿವೆ. ಈ ಕ್ರೀಡೆಯಲ್ಲಿ ಯುವಜನರ ಆಸಕ್ತಿಯು ಹೆಚ್ಚುತ್ತಿದ್ದು, ಅದರೊಂದಿಗೆ ಪರಿಕರಗಳ ವೆಚ್ಚದ ಪ್ರಶ್ನೆಯೂ ಎದುರಾಗುತ್ತಿದೆ. ಹಗ್ಗ, ಹಾರ್ನೆಸ್, ಕ್ಯಾರಬೈನರ್ ಮುಂತಾದವು ಬಹುಮಟ್ಟಿಗೆ ವಿದೇಶಗಳಿಂದ ಬರುವ ವಸ್ತುಗಳಾಗಿದ್ದು, ವಿದ್ಯಾರ್ಥಿಯೊಬ್ಬನ ಕೈಗೆ ಸುಲಭವಾಗಿ ಎಟಕುವಂತಹವಲ್ಲ. ಆದ್ದರಿಂದ ಇವುಗಳನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳಬಹುದೇ ಎಂಬ ವಿಚಾರವು ಅನೇಕರ ಮನಸ್ಸಿನಲ್ಲಿ ಮೂಡುವುದು ಸಹಜ.

ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಕೆಲವು ಪರಿಕರಗಳನ್ನು ಮನೆಯಲ್ಲಿ ತಯಾರಿಸುವುದು ಸಾಧ್ಯವಷ್ಟೇ ಅಲ್ಲ, ಲಾಭದಾಯಕವೂ ಹೌದು. ಇನ್ನು ಕೆಲವನ್ನು ಎಂತಹ ನುರಿತ ಕೈಗಳೂ ಮನೆಯಲ್ಲಿ ತಯಾರಿಸಬಾರದು. ಇವೆರಡರ ನಡುವಿನ ಗೆರೆಯನ್ನು ಸ್ಪಷ್ಟಪಡಿಸುವುದು ಈ ಲೇಖನದ ಉದ್ದೇಶವಾಗಿದೆ.

2. ಮೂಲ ನಿಯಮ

ಯಾವುದೇ ಪರಿಕರವನ್ನು ತಯಾರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಸ್ತುವು ತುಂಡಾದರೆ ಆರೋಹಿಯು ಕೆಳಗೆ ಬೀಳುವನೇ? ಉತ್ತರವು 'ಇಲ್ಲ' ಎಂದಾದಲ್ಲಿ ಅದನ್ನು ಮನೆಯಲ್ಲಿ ತಯಾರಿಸಬಹುದು. 'ಹೌದು' ಎಂದಾದಲ್ಲಿ ಮಾನ್ಯತೆ ಪಡೆದ ವಸ್ತುವನ್ನೇ ಖರೀದಿಸತಕ್ಕದ್ದು.

3. ಬೀಳುವಿಕೆಯ ಲೆಕ್ಕಾಚಾರ

ಮನೆಯಲ್ಲಿ ಹೊಲಿದ ಪಟ್ಟಿಯನ್ನು ಮರದ ಕೊಂಬೆಗೆ ಕಟ್ಟಿ, ಅದಕ್ಕೆ ಜೋತುಬಿದ್ದು, 'ತುಂಡಾಗಲಿಲ್ಲ, ಆದ್ದರಿಂದ ಗಟ್ಟಿಯಾಗಿದೆ' ಎಂದು ತೀರ್ಮಾನಿಸುವ ರೂಢಿಯುಂಟು. ಈ ಪರೀಕ್ಷೆಯಿಂದ ಯಾವುದೂ ಸಿದ್ಧವಾಗುವುದಿಲ್ಲ. ಕಾರಣವನ್ನು ಈ ಕೆಳಗಿನ ಲೆಕ್ಕದಿಂದ ತಿಳಿಯಬಹುದು.

80 ಕಿಲೋಗ್ರಾಂ ತೂಕದ ವ್ಯಕ್ತಿಯು ಸುಮ್ಮನೆ ಜೋತುಬಿದ್ದಾಗ ಪಟ್ಟಿಯ ಮೇಲೆ ಬೀಳುವ ಬಲ ಸುಮಾರು 0.8 ಕಿಲೋನ್ಯೂಟನ್. (1 ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋಗ್ರಾಂ ತೂಕದ ಭಾರ.) ಅದೇ ವ್ಯಕ್ತಿಯು ಕೊನೆಯ ಆಧಾರದಿಂದ 2 ಮೀಟರ್ ಮೇಲೇರಿ ಕೈಜಾರಿದಲ್ಲಿ, ಹಗ್ಗ ಬಿಗಿಯಾಗುವುದರೊಳಗೆ 4 ಮೀಟರ್ ಬಿದ್ದಿರುತ್ತಾನೆ. ಹಗ್ಗವು 1 ಮೀಟರ್ ಹಿಗ್ಗಿ ಅವನನ್ನು ತಡೆದರೆ ಸರಾಸರಿ ಬಲ ಸುಮಾರು 3.9 ಕಿಲೋನ್ಯೂಟನ್. ಹಿಗ್ಗದ ಹಗ್ಗವು ಕೇವಲ 40 ಸೆಂಟಿಮೀಟರ್ ಅಂತರದಲ್ಲಿ ತಡೆದರೆ ಅದು 8.6 ಕಿಲೋನ್ಯೂಟನ್‌ಗೆ, ಎಂದರೆ ಜೋತುಬಿದ್ದಾಗಿನ ಭಾರದ 10 ಪಟ್ಟಿಗೂ ಮೇಲಕ್ಕೆ ಏರುತ್ತದೆ. ಇದು ಸರಾಸರಿ ಮಾತ್ರ. ಗರಿಷ್ಠ ಬಲವು ಇದಕ್ಕಿಂತ ಹೆಚ್ಚು. ಮೇಲಿನ ಆಧಾರದಲ್ಲಿ ಹಗ್ಗವು ಎರಡೂ ಕಡೆಯಿಂದ ಕೆಳಗೆಳೆಯುವುದರಿಂದ ಅಲ್ಲಿನ ಕ್ಯಾರಬೈನರ್ ಮತ್ತು ಸ್ಲಿಂಗ್‌ಗಳ ಮೇಲೆ ಒಂದೂವರೆ ಪಟ್ಟಿಗೂ ಹೆಚ್ಚಿನ ಬಲ ಬೀಳುತ್ತದೆ.

ಈ ಕಾರಣದಿಂದಲೇ ಅಂತರರಾಷ್ಟ್ರೀಯ ಮಾನದಂಡಗಳು ಹೆಚ್ಚಿನ ಬಲವನ್ನು ನಿಗದಿಪಡಿಸಿವೆ:

ಅ) ಕ್ಯಾರಬೈನರ್ (ಇಎನ್ 12275): ಸಾಮಾನ್ಯ ಮಾದರಿಗೆ ಉದ್ದದ ದಿಕ್ಕಿನಲ್ಲಿ ಕನಿಷ್ಠ 20 ಕಿಲೋನ್ಯೂಟನ್.
ಆ) ಸ್ಲಿಂಗ್ (ಇಎನ್ 566): ಕನಿಷ್ಠ 22 ಕಿಲೋನ್ಯೂಟನ್.
ಇ) ಹಾರ್ನೆಸ್ (ಇಎನ್ 12277): ವಯಸ್ಕರ ಸೊಂಟದ ಹಾರ್ನೆಸ್‌ಗೆ 15 ಕಿಲೋನ್ಯೂಟನ್ ಬಲದ ಪರೀಕ್ಷೆ.
ಈ) ಒಂಟಿ ಹಗ್ಗ (ಇಎನ್ 892): 80 ಕಿಲೋಗ್ರಾಂ ಭಾರದ ಕನಿಷ್ಠ 5 ಪ್ರಮಾಣಿತ ಬೀಳುವಿಕೆಗಳನ್ನು ತಾಳಬೇಕು, ಮೊದಲ ಬೀಳುವಿಕೆಯಲ್ಲಿ ಬಲವು 12 ಕಿಲೋನ್ಯೂಟನ್ ಮೀರಬಾರದು.

22 ಕಿಲೋನ್ಯೂಟನ್ ಎಂದರೆ ಎರಡು ಟನ್‌ಗಿಂತ ಅಧಿಕ ಭಾರ. ಇದನ್ನು ಅಳೆಯುವ ಯಂತ್ರವು ಮನೆಯಲ್ಲಿ ಇರುವುದಿಲ್ಲ. ಅಲ್ಲದೆ, ಒಂದು ವಸ್ತುವನ್ನು ತುಂಡಾಗುವವರೆಗೆ ಎಳೆದು ನೋಡಿದರೆ ಆ ವಸ್ತುವಿನ ಬಲ ತಿಳಿಯುವುದೇ ಹೊರತು, ಅದರ ಪಕ್ಕದಲ್ಲಿ ಅದೇ ಕೈಯಿಂದ ತಯಾರಾದ ಇನ್ನೊಂದು ವಸ್ತುವಿನ ಬಲ ತಿಳಿಯುವುದಿಲ್ಲ. ಕಾರ್ಖಾನೆಯ ವಸ್ತುವಿಗೆ ತೆರುವ ಬೆಲೆಯ ದೊಡ್ಡ ಪಾಲು ಈ ಏಕರೂಪತೆಗೆ ಸಲ್ಲುತ್ತದೆ.

4. ಹಿಂದಿನವರು ತಯಾರಿಸಿಕೊಳ್ಳುತ್ತಿರಲಿಲ್ಲವೇ?

ತಯಾರಿಸಿಕೊಳ್ಳುತ್ತಿದ್ದರು. ಅಮೆರಿಕದ ಇವಾನ್ ಶುನಾರ್ಡ್ 1957ರಲ್ಲಿ ಹಳೆಯ ಕುಲುಮೆಯೊಂದನ್ನು ಕೊಂಡು, ಕಮ್ಮಾರಿಕೆಯನ್ನು ತಾವೇ ಕಲಿತು, ಬಂಡೆಯ ಬಿರುಕಿಗೆ ಹೊಡೆಯುವ ಉಕ್ಕಿನ ಮೊಳೆಗಳನ್ನು ತಯಾರಿಸಿದರು. ಬ್ರಿಟನ್ನಿನ ಆರೋಹಿಗಳು ಯಂತ್ರದ ನಟ್ಟುಗಳ ಮರೆಗಳನ್ನು ಉಜ್ಜಿ ತೆಗೆದು, ದಾರ ಪೋಣಿಸಿ, ಬಿರುಕುಗಳಲ್ಲಿ ಸಿಕ್ಕಿಸಿ ಬಳಸುತ್ತಿದ್ದರು. ಇಂದಿಗೂ ಆ ಬಗೆಯ ಪರಿಕರಕ್ಕೆ 'ನಟ್' ಎಂಬ ಹೆಸರೇ ಉಳಿದಿದೆ. ಆದರೆ ಅಂದು ಬೇರೆ ದಾರಿ ಇರಲಿಲ್ಲ. ಆ ಕಾಲದ ಆರೋಹಿಗಳು ಹಗ್ಗವಿದ್ದರೂ ಬೀಳಲೇಬಾರದೆಂಬ ನಿಯಮದಿಂದ ಹತ್ತುತ್ತಿದ್ದರು. 1932ರಲ್ಲಿ ಸ್ಥಾಪನೆಯಾದ ಪರ್ವತಾರೋಹಣ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು (ಯುಐಎಎ) 1960ರಲ್ಲಿ ಹಗ್ಗಗಳಿಗೆ ಮಾನದಂಡವನ್ನು ಜಾರಿಗೆ ತಂದ ನಂತರ ಪರೀಕ್ಷಿತ ಪರಿಕರಗಳ ಯುಗ ಆರಂಭವಾಯಿತು.

5. ಮನೆಯಲ್ಲಿ ತಯಾರಿಸಬಹುದಾದ ಪರಿಕರಗಳು

5.1 ಚಾಕ್ ಚೀಲ: ಕೈಬೆವರನ್ನು ಹೀರಲು ಬಳಸುವ ಚಾಕ್ ಎಂಬುದು ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ. ಶಾಲೆಯ ಸೀಮೆಸುಣ್ಣವು ಇದಕ್ಕೆ ಬದಲಿಯಲ್ಲ. ಚೀಲಕ್ಕೆ ಹಳೆಯ ಜೀನ್ಸ್ ಬಟ್ಟೆ ಅಥವಾ ಕ್ಯಾನ್ವಾಸ್ ಸಾಕು. ಸುಮಾರು 16 ಸೆಂಟಿಮೀಟರ್ ಎತ್ತರ, 11 ಸೆಂಟಿಮೀಟರ್ ಅಗಲದ ಬಾಯಿ ಇರುವಂತೆ ಕೊಳವೆಯಾಕಾರದಲ್ಲಿ ಹೊಲಿದು, ಒಳಗೆ ಮೃದುವಾದ ಉಣ್ಣೆಯಂತಹ ಬಟ್ಟೆಯ ಪದರ ನೀಡಬೇಕು. ಬಾಯಿ ಸದಾ ತೆರೆದಿರಲು ಅಂಚಿನೊಳಗೆ ಪ್ಲಾಸ್ಟಿಕ್ ಪಟ್ಟಿಯನ್ನು ಸೇರಿಸಿ, ಮುಚ್ಚಲು ಲಾಡಿ ಹಾಕಬೇಕು. ಸೊಂಟಕ್ಕೆ ಕಟ್ಟುವ ಪಟ್ಟಿಯು ಚೀಲದ ಭಾರಕ್ಕೆ ಮಾತ್ರ. ಅದಕ್ಕೆ ಹಗ್ಗವನ್ನಾಗಲೀ ಕ್ಯಾರಬೈನರನ್ನಾಗಲೀ ಎಂದಿಗೂ ಜೋಡಿಸಬಾರದು.

5.2 ಹಗ್ಗದ ಹಾಸು: ಮಣ್ಣು ಮತ್ತು ಮರಳಿನ ಕಣಗಳು ಹಗ್ಗದ ಎಳೆಗಳೊಳಗೆ ಸೇರಿ ಅವುಗಳನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಒಂದೂವರೆ ಮೀಟರ್ ಚೌಕದ ಟಾರ್ಪಾಲಿನ್ ಅಥವಾ ದಪ್ಪ ಬಟ್ಟೆಯ ನಾಲ್ಕು ಮೂಲೆಗಳಿಗೆ ಕುಣಿಕೆ ಹೊಲಿದರೆ, ಹಗ್ಗವನ್ನು ಅದರ ಮೇಲೆ ಹರಡಿ, ಕೆಲಸ ಮುಗಿದ ಮೇಲೆ ಗಂಟುಕಟ್ಟಿ ಒಯ್ಯಬಹುದು. ಅತ್ಯಲ್ಪ ಖರ್ಚಿನ ಈ ವಸ್ತುವು ಅತಿ ಬೆಲೆಬಾಳುವ ಪರಿಕರದ ಆಯುಷ್ಯವನ್ನು ಹೆಚ್ಚಿಸುತ್ತದೆ.

5.3 ಕುಂಚ: ಹಿಡಿತಗಳ ಮೇಲಿನ ಚಾಕ್ ಪುಡಿಯನ್ನು ತೆಗೆಯಲು ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಿದಿರು ಕಡ್ಡಿಗೆ ಕಟ್ಟಿ ಬಳಸಬಹುದು. ತಂತಿಯ ಬ್ರಷ್ ಬಳಸಬಾರದು. ಬಾದಾಮಿಯಂತಹ ಮರಳುಗಲ್ಲಿನಲ್ಲಿ ಅದು ಕಲ್ಲನ್ನೇ ಸವೆಸುತ್ತದೆ.

5.4 ಬೆರಳು ಅಭ್ಯಾಸದ ಹಲಗೆ: ಸುಮಾರು 60 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ, ಸೀಳಿಲ್ಲದ ಗಟ್ಟಿ ಮರದ ಹಲಗೆಗೆ 20 ಮಿಲಿಮೀಟರ್ ಆಳದ ಅಂಚನ್ನು ಬಡಗಿಯಿಂದ ಮಾಡಿಸಿ, ಮೂಲೆಗಳನ್ನು ಗುಂಡಗೆ ಉಜ್ಜಿಸಬೇಕು. ಬಣ್ಣ ಅಥವಾ ವಾರ್ನಿಷ್ ಬಳಿದರೆ ಬೆರಳು ಜಾರುತ್ತದೆ. ಹಲಗೆಯನ್ನು ಟೊಳ್ಳು ಇಟ್ಟಿಗೆಯ ಗೋಡೆಗಾಗಲೀ ಬಾಗಿಲ ಚೌಕಟ್ಟಿನ ಅಲಂಕಾರದ ಪಟ್ಟಿಗಾಗಲೀ ಹೊಡೆಯದೆ, ಕಾಂಕ್ರೀಟ್ ತೊಲೆಗೆ ಬೋಲ್ಟ್‌ಗಳಿಂದ ಬಿಗಿಯತಕ್ಕದ್ದು. ಬೆಳೆಯುತ್ತಿರುವ ವಯಸ್ಸಿನವರಲ್ಲಿ ಬೆರಳಿನ ಮೂಳೆಯ ಬೆಳವಣಿಗೆಯ ಭಾಗಕ್ಕೆ ಪೆಟ್ಟಾಗುವ ಸಂಭವವಿರುವುದರಿಂದ, ಮಕ್ಕಳು ಈ ಹಲಗೆಗೆ ಜೋತುಬಿದ್ದು ಕಸರತ್ತು ಮಾಡುವುದು ಸೂಕ್ತವಲ್ಲ.

5.5 ಅಭ್ಯಾಸದ ಗೋಡೆ: 18 ಮಿಲಿಮೀಟರ್ ಪ್ಲೈವುಡ್‌ಗೆ 20 ಸೆಂಟಿಮೀಟರ್ ಅಂತರದಲ್ಲಿ ರಂಧ್ರ ಕೊರೆದು, ಹಿಂಭಾಗದಲ್ಲಿ 10 ಮಿಲಿಮೀಟರ್ ಬೋಲ್ಟ್‌ಗೆ ಹೊಂದುವ ಟೀ-ನಟ್ ಕೂರಿಸಿದರೆ ಮರದ ಹಿಡಿತಗಳನ್ನು ಬೇಕಾದಂತೆ ಬದಲಾಯಿಸಬಹುದು. ಗೋಡೆ ತಗ್ಗಾಗಿರಬೇಕು, ಕೆಳಗೆ ಸಂದುಗಳಿಲ್ಲದಂತೆ ದಪ್ಪ ಹಾಸಿಗೆಗಳಿರಬೇಕು. ಹಗ್ಗ ಬೇಕಾಗುವಷ್ಟು ಎತ್ತರದ ಗೋಡೆಯನ್ನು ಮನೆಯಲ್ಲಿ ಕಟ್ಟಬಾರದು.

6. ಖರೀದಿಸಿದ ವಸ್ತುವಿನಿಂದ ಜೋಡಿಸಿಕೊಳ್ಳಬಹುದಾದವು

ಮಾನ್ಯತೆ ಪಡೆದ ನೈಲಾನ್ ಪಟ್ಟಿಯನ್ನು ಮೀಟರ್ ಲೆಕ್ಕದಲ್ಲಿ ಕೊಂಡು ಗಂಟಿನಿಂದ ಸ್ಲಿಂಗ್ ಮಾಡಿಕೊಳ್ಳುವುದು ಹಳೆಯ ಹಾಗೂ ಒಪ್ಪಿತವಾದ ಪದ್ಧತಿ. ಇದಕ್ಕೆ ಟೇಪ್ ಗಂಟು ಬಳಸಿ, ಎರಡೂ ಬದಿಯಲ್ಲಿ ಕನಿಷ್ಠ 8 ಸೆಂಟಿಮೀಟರ್ ತುದಿ ಬಿಡಬೇಕು. ಈ ಗಂಟು ಬಳಕೆಯಲ್ಲಿ ತಾನಾಗಿಯೇ ಸಡಿಲವಾಗುವ ಸ್ವಭಾವದ್ದಾದುದರಿಂದ ಪ್ರತಿ ಬಾರಿ ಹತ್ತುವ ಮುನ್ನ ನೋಡತಕ್ಕದ್ದು. ಹಗ್ಗದ ಮೇಲೆ ಹಿಡಿದು ನಿಲ್ಲುವ ಪ್ರೂಸಿಕ್ ಕುಣಿಕೆಯನ್ನು 6 ಮಿಲಿಮೀಟರ್ ಮಾನ್ಯ ದಾರದಿಂದ, ಜೋಡಿ ಮೀನುಗಾರನ ಗಂಟು ಹಾಕಿ ತಯಾರಿಸಬಹುದು. ದಾರಗಳ ಮಾನದಂಡದಂತೆ (ಇಎನ್ 564) 5 ಮಿಲಿಮೀಟರ್ ದಾರದ ಕನಿಷ್ಠ ಬಲ 5 ಕಿಲೋನ್ಯೂಟನ್, 6 ಮಿಲಿಮೀಟರ್‌ಗೆ 7.2, 7 ಮಿಲಿಮೀಟರ್‌ಗೆ 9.8. ಗಂಟು ಹಾಕಿದಾಗ ಈ ಬಲವು ಗಣನೀಯವಾಗಿ ತಗ್ಗುತ್ತದೆ. ಈ ಗಂಟುಗಳನ್ನು ಅರ್ಹ ಬೋಧಕರಿಂದಲೇ ಕಲಿಯಬೇಕು.

ಜೋಡಣೆಯ ತಪ್ಪು ಎಷ್ಟು ಘೋರವಾಗಬಹುದೆಂಬುದಕ್ಕೆ ಒಂದು ನಿದರ್ಶನವಿದೆ. 2013ರಲ್ಲಿ ಫ್ರಾನ್ಸ್‌ನ ಓರ್ಪಿಯೇರ್ ಎಂಬಲ್ಲಿ ಇಟಲಿಯ 12 ವರ್ಷದ ಬಾಲಕನೊಬ್ಬ ಬಿದ್ದು ಮೃತಪಟ್ಟನು. ಪಟ್ಟಿ, ಕ್ಯಾರಬೈನರ್ ಎಲ್ಲವೂ ಕಾರ್ಖಾನೆಯವೇ ಆಗಿದ್ದವು. ಆದರೆ ಅವುಗಳನ್ನು ಕೈಯಿಂದ ಜೋಡಿಸುವಾಗ, ಕ್ಯಾರಬೈನರ್ ಅಲುಗದಂತೆ ಇರಿಸಲು ಮಾತ್ರ ಬಳಸುವ ರಬ್ಬರ್ ಉಂಗುರವೇ ಇಡೀ ಭಾರವನ್ನು ಹೊರುವಂತಾಗಿತ್ತು. ಹೊರನೋಟಕ್ಕೆ ತಪ್ಪು ಕಾಣುತ್ತಿರಲಿಲ್ಲ.

7. ಮನೆಯಲ್ಲಿ ತಯಾರಿಸಬಾರದಂಥವು

ಹಗ್ಗ, ಹಾರ್ನೆಸ್, ಹೊಲಿದ ಸ್ಲಿಂಗ್, ಕ್ಯಾರಬೈನರ್, ಹಗ್ಗ ತಡೆಯುವ ಸಾಧನ, ಬಂಡೆಗೆ ಹೊಡೆಯುವ ಬೋಲ್ಟ್ ಮತ್ತು ಹೆಲ್ಮೆಟ್‌ಗಳನ್ನು ಯಾವ ಕಾರಣಕ್ಕೂ ಮನೆಯಲ್ಲಿ ಅಥವಾ ಸ್ಥಳೀಯ ಕುಲುಮೆಯಲ್ಲಿ ತಯಾರಿಸಬಾರದು. ಲೋಹವನ್ನು ಕಾಯಿಸಿ ತಣಿಸುವ ಕ್ರಮದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ. ಕೀಲಿಗೊಂಚಲಿಗೆ ಮಾರುವ ಕ್ಯಾರಬೈನರ್ ಆಕಾರದ ಕೊಂಡಿಗಳೂ ಆರೋಹಣಕ್ಕೆ ಸಲ್ಲವು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯ ಹೊಲಿಗೆ ಯಂತ್ರದಲ್ಲಿ ಹಾರ್ನೆಸ್ ಹೊಲಿಯಬಹುದೇ?
ಉತ್ತರ: ಹೊಲಿಯಬಾರದು. ಪಟ್ಟಿ ಎಷ್ಟೇ ಗಟ್ಟಿಯಾಗಿದ್ದರೂ ಭಾರವನ್ನು ಹೊರುವುದು ಹೊಲಿಗೆಯ ದಾರ. ಕಾರ್ಖಾನೆಗಳಲ್ಲಿ ವಿಶೇಷ ಯಂತ್ರದಿಂದ ಒತ್ತೊತ್ತಾದ ಅಡ್ಡ ಹೊಲಿಗೆಗಳನ್ನು ಹಾಕಿ, ಮಾದರಿಗಳನ್ನು ಎಳೆದು ಪರೀಕ್ಷಿಸಲಾಗುತ್ತದೆ.

ಪ್ರಶ್ನೆ: ಹಳೆಯ ಕಾರಿನ ಸೀಟ್ ಬೆಲ್ಟ್ ಪಟ್ಟಿಯನ್ನು ಬಳಸಬಹುದೇ?
ಉತ್ತರ: ಬಳಸಬಾರದು. ಬಿಸಿಲಿನಲ್ಲಿ ವರ್ಷಗಟ್ಟಲೆ ಇದ್ದ ಪಟ್ಟಿಯಲ್ಲಿ ಉಳಿದಿರುವ ಬಲವೆಷ್ಟೆಂದು ನೋಡಿ ತಿಳಿಯಲಾಗದು. ಚೀಲಗಳ ಹಿಡಿಕೆಗೆ ಅದು ಉತ್ತಮ.

ಪ್ರಶ್ನೆ: ಕಟ್ಟಡ ಕಾರ್ಮಿಕರ ಸೇಫ್ಟಿ ಬೆಲ್ಟ್ ಮತ್ತು ಅಂಗಡಿಯ ನೈಲಾನ್ ಹಗ್ಗ ಸಾಲದೇ?
ಉತ್ತರ: ಸಾಲದು. ಅವು ಬೇರೆ ಉದ್ದೇಶದ ವಸ್ತುಗಳು. ಆರೋಹಣದ ಹಗ್ಗವು ನಿಗದಿತ ಪ್ರಮಾಣದಲ್ಲಿ ಹಿಗ್ಗಿ ಆಘಾತವನ್ನು ಹೀರುವಂತೆ ನೇಯ್ದದ್ದಾಗಿರುತ್ತದೆ. ಹಿಗ್ಗದ ಹಗ್ಗವು ತುಂಡಾಗದಿದ್ದರೂ ಆ ಆಘಾತವು ದೇಹದ ಮೇಲೆ ಬೀಳುತ್ತದೆ.

ಪ್ರಶ್ನೆ: ಪರಿಚಯದವರ ಹಳೆಯ ಪರಿಕರಗಳನ್ನು ಪಡೆಯಬಹುದೇ?
ಉತ್ತರ: ಹಗ್ಗ ಮತ್ತು ಪಟ್ಟಿಗಳ ವಯಸ್ಸು, ಬಳಕೆ, ಸಂಗ್ರಹದ ವಿವರ ಖಚಿತವಾಗಿ ತಿಳಿಯದಿದ್ದರೆ ಪಡೆಯಬಾರದು. 2006ರಲ್ಲಿ ಅಮೆರಿಕದ ಹೆಸರಾಂತ ಆರೋಹಿ ಟಾಡ್ ಸ್ಕಿನ್ನರ್ ಯೊಸೆಮಿಟಿಯಲ್ಲಿ ಮೃತಪಟ್ಟದ್ದು ಹಾರ್ನೆಸ್‌ನ ಸವೆದ ಕುಣಿಕೆ ತುಂಡಾದ್ದರಿಂದ. ಬ್ಯಾಟರಿಯ ಆಮ್ಲ ತಗುಲಿದ ನೈಲಾನ್ ಹೊರಗೆ ಕಲೆ ಕಾಣಿಸದೆಯೂ ಬಲ ಕಳೆದುಕೊಳ್ಳಬಹುದು.

9. ಬಂಡೆಯ ಬಳಿ ಪಾಲಿಸಬೇಕಾದ ಕಾನೂನು

ಸ್ವಂತ ಪರಿಕರವಿದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ಹತ್ತಲು ಅವಕಾಶವಿರುವುದಿಲ್ಲ. ರಾಮದೇವರಬೆಟ್ಟವು 2012ರಿಂದ ರಣಹದ್ದುಗಳ ವನ್ಯಧಾಮವಾಗಿದೆ. ಅರಣ್ಯ ಪ್ರದೇಶಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಹಂಪಿ ಮತ್ತು ಬಾದಾಮಿಯ ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದು, ವಿರೂಪಗೊಳಿಸುವುದು 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದಡಿ, 2010ರ ತಿದ್ದುಪಡಿಯಂತೆ, 2 ವರ್ಷಗಳವರೆಗಿನ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡಕ್ಕೂ ಗುರಿಪಡಿಸಬಹುದಾದ ಅಪರಾಧ. ಅಲ್ಲಿ ಬೋಲ್ಟ್ ಕೊರೆಯುವುದಂತೂ ಸಲ್ಲದು.

10. ಅರ್ಜಿದಾರರಿಗೆ ಸಲಹೆ

ಮಿತವ್ಯಯದ ಸರಿಯಾದ ಕ್ರಮವೆಂದರೆ ಚೀಲ, ಹಾಸು, ಕುಂಚ, ಹಲಗೆಗಳಲ್ಲಿ ಉಳಿತಾಯ ಮಾಡಿ, ಆ ಹಣವನ್ನು ಹಗ್ಗ ಮತ್ತು ಹಾರ್ನೆಸ್‌ಗೆ ವಿನಿಯೋಗಿಸುವುದು. ಹಲವರು ಸೇರಿ ಸಂಘದ ಮೂಲಕ ಹಗ್ಗವನ್ನು ಕೊಂಡು, ಅದರ ಬಳಕೆಯ ದಾಖಲೆ ಪುಸ್ತಕವನ್ನು ಇಡುವುದು ಇನ್ನೂ ಉತ್ತಮ. ಖರೀದಿಸುವಾಗ ಸಿಇ ಅಥವಾ ಯುಐಎಎ ಗುರುತು, ತಯಾರಿಕೆಯ ವರ್ಷ, ಕಿಲೋನ್ಯೂಟನ್ ಸಂಖ್ಯೆಗಳನ್ನು ಪರಿಶೀಲಿಸಿ, ರಸೀದಿ ಪಡೆಯಬೇಕು. ಹೊಸಬರು ಪರಿಕರ ಕೊಳ್ಳುವ ಮೊದಲು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂತಹ ಸಂಸ್ಥೆಯಲ್ಲಿ ತರಬೇತಿ ಪಡೆಯುವುದು ಲೇಸು. ಶಿಬಿರಕ್ಕೆ ಸ್ವಂತ ಪರಿಕರ ತರುವವರು ಅದನ್ನು ಬೋಧಕರಿಗೆ ತೋರಿಸಿ, ಒಪ್ಪಿಗೆ ದೊರೆತ ನಂತರವೇ ಬಳಸಬೇಕು. ಮನೆಯಲ್ಲಿ ತಯಾರಿಸಿದ ವಸ್ತುವಿದ್ದಲ್ಲಿ ಅದನ್ನು ಕೇಳುವ ಮುನ್ನವೇ ತಿಳಿಸುವುದು ಅರ್ಜಿದಾರರ ಕರ್ತವ್ಯ. ಏಕೆಂದರೆ ಹಗ್ಗದ ಇನ್ನೊಂದು ತುದಿಯಲ್ಲಿ ಬೇರೊಬ್ಬರ ಜೀವವೂ ಇರುತ್ತದೆ.