ತಂಗಡಿ ಹೂವಿಗೆ ದುಂಬಿಯೇ ಯಾಕೆ ಬೇಕು?

ಬಳ್ಳಾರಿಯಿಂದ ಕುರುಗೋಡು, ಸಿರುಗುಪ್ಪ ಕಡೆ ಹೊರಟರೆ, ಕಾಲುವೆ ನೀರು ಹತ್ತದ ಒಣ ನೆಲದಲ್ಲಿ ಮೈತುಂಬ ಹಳದಿ ಹೂ ಬಿಟ್ಟ ಗಿಡ ನೋಡಿರ್ತೀರಿ. ಅದೇ ತಂಗಡಿ, ಕೆಲವರಿಗೆ ಆವರಿಕೆ. ಮರಳು ನೆಲವೋ ಗರಸು ನೆಲವೋ, ಎಲ್ಲಿಯಾದರೂ ಸೈ. ದನ-ಕುರಿ ಅಷ್ಟಾಗಿ ಬಾಯಿ ಹಾಕಲ್ಲ. ತೆಲಂಗಾಣಕ್ಕೆ ಇದೇ ರಾಜ್ಯಪುಷ್ಪ; ಅಲ್ಲಿನ ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕು.

ಈಗ ಒಂದು ಹೂವನ್ನು ಹತ್ತಿರದಿಂದ ನೋಡಿ. ಐದು ಎಸಳು, ಹತ್ತು ಕೇಸರ. ಮಕರಂದ ಇಲ್ಲ, ಇರೋದು ಪರಾಗ ಮಾತ್ರ. ಅದೂ ಕೇಸರದೊಳಗೆ ಭದ್ರ. ಹೊರಬರೋಕೆ ತುದಿಯಲ್ಲಿ ಪುಟ್ಟ ತೂತು ಅಷ್ಟೇ. ದೊಡ್ಡ ಕರಿ ದುಂಬಿ ಬಂದು ಕೇಸರವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ, ಹಾರುವ ಸ್ನಾಯುಗಳನ್ನಷ್ಟೇ ಗಡಗಡ ನಡುಗಿಸುತ್ತೆ. ಗುಂಯ್ ಅಂತ ಸದ್ದು! ಉಪ್ಪಿನ ಡಬ್ಬಿ ಅಲುಗಿಸಿದ ಹಾಗೆ ಪರಾಗ ಉದುರುತ್ತೆ. ಎಂಥ ಚೆಂದದ ಏರ್ಪಾಡು ನೋಡಿ.

ಹೂವಿನ ಮಾತು ಹಾಗಿರಲಿ, ಗಿಡದ ತೊಗಟೆಯಲ್ಲಿ ಚರ್ಮ ಹದ ಮಾಡುವ ಟ್ಯಾನಿನ್ ಹೇರಳ. ಬಳ್ಳಾರಿ ಮದ್ರಾಸ್ ಆಡಳಿತದಲ್ಲಿದ್ದಾಗ, ಅಂದರೆ 1953ಕ್ಕೂ ಮುಂಚೆ, ಮದ್ರಾಸ್ ಸೀಮೆಯಲ್ಲಿ ಈ ತೊಗಟೆಯಿಂದ ಹದ ಮಾಡಿದ ಚರ್ಮ ಹಡಗೇರಿ ಇಂಗ್ಲೆಂಡಿಗೆ ಹೋಗ್ತಿತ್ತು. ಆಮೇಲೆ ಹದಕ್ಕೆ ವ್ಯಾಟಲ್ ಮರದ ತೊಗಟೆ, ಕ್ರೋಮ್ ಲವಣ ಬಂದು ತಂಗಡಿಗೆ ಬೇಡಿಕೆ ಇಳೀತು. ಗಿಡದ ಮಟ್ಟಿಗೆ ಒಳ್ಳೇದೇ ಆಯ್ತು, ಸುಲಿಯೋರು ಕಡಿಮೆಯಾದರು.