ಮಿರರ್‌ಲೆಸ್ ಕ್ಯಾಮೆರಾದ ಆಯುಸ್ಸು

ಹೊಸದಾಗಿ ಕೊಂಡ ಪುಟ್ಟ ಮಿರರ್‌ಲೆಸ್ ಕ್ಯಾಮೆರಾವನ್ನು ಹತ್ತು ವರ್ಷ ಇಟ್ಟುಕೊಳ್ಳಬಹುದೇ ಅಥವಾ ಮೂರು ನಾಲ್ಕು ವರ್ಷಗಳಲ್ಲಿ ಮಾರಿ ಮುಂದಿನ ಮಾದರಿಗೆ ಹೋಗಲೇಬೇಕೇ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಕ್ಯಾಮೆರಾ ಎಂಬ ಆ ಒಂದು ಪೆಟ್ಟಿಗೆಯೊಳಗಿನ ಭಾಗಗಳಲ್ಲಿ ಕೆಲವು ಐದು ವರ್ಷಕ್ಕೇ ಸೋಲುತ್ತವೆ, ಕೆಲವು ಇಪ್ಪತ್ತು ವರ್ಷವಾದರೂ ಮೊದಲಿನಂತೆಯೇ ಇರುತ್ತವೆ. ಇನ್ನು ಕೆಲವು ಕೆಡದೆಯೇ ನಿರುಪಯುಕ್ತವಾಗುತ್ತವೆ. 2023ರ ಆಗಸ್ಟ್‌ನಲ್ಲಿ ಪ್ರಕಟವಾದ ಸೋನಿ ಎ7ಸಿ-2 ಎಂಬ ಮಾದರಿ ಈ ವಿಚಾರವನ್ನು ಪರಿಶೀಲಿಸಲು ಒಳ್ಳೆಯ ಉದಾಹರಣೆ. ಬ್ಯಾಟರಿ, ಮೆಮೊರಿ ಕಾರ್ಡ್ ಸೇರಿ 514 ಗ್ರಾಂ ತೂಗುವ ಈ ಯಂತ್ರದಲ್ಲಿ ಹಿಂದಿನ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡದಾದ, ಅಂದರೆ 36 ಮಿ.ಮೀ. ಅಗಲ ಮತ್ತು 24 ಮಿ.ಮೀ. ಎತ್ತರದ, 33 ಮೆಗಾಪಿಕ್ಸೆಲ್ ಸೆನ್ಸರ್ ಕೂತಿದೆ. ಲಕ್ಷ ರೂಪಾಯಿ ಮೀರಿದ ಬೆಲೆ ತೆತ್ತು ಇಂಥ ಯಂತ್ರವನ್ನು ಕೊಳ್ಳುವವರಿಗೆ ಅದರ ಆಯುಸ್ಸಿನ ಲೆಕ್ಕ ತಿಳಿದಿರುವುದು ನ್ಯಾಯ.

ಮಿರರ್‌ಲೆಸ್ ಎಂಬ ಹೆಸರು ಹಿಂದಿನ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿದ್ದು ಇಲ್ಲಿ ಇಲ್ಲವಾದ ಒಂದು ಭಾಗವನ್ನು ಸೂಚಿಸುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದು ಬೆಳಕನ್ನು ಮೇಲಿನ ಪಟ್ಟಕಕ್ಕೆ ಹಾಯಿಸಿ ಕಣ್ಣಿಗೆ ದೃಶ್ಯವನ್ನು ತೋರಿಸುತ್ತಿತ್ತು, ಗುಂಡಿ ಒತ್ತಿದ ಕ್ಷಣ ಮೇಲಕ್ಕೆ ಮಡಚಿಕೊಂಡು ಬೆಳಕಿಗೆ ದಾರಿ ಬಿಡುತ್ತಿತ್ತು. ಆ ಕನ್ನಡಿ ಏಳಲು ಜಾಗ ಬೇಕಾದ್ದರಿಂದ ಲೆನ್ಸ್ ಕೂರುವ ಲೋಹದ ಬಳೆಗೂ ಸೆನ್ಸರ್‌ಗೂ ನಡುವೆ ನಿಕಾನ್‌ನಲ್ಲಿ 46.5 ಮಿ.ಮೀ., ಕ್ಯಾನನ್‌ನಲ್ಲಿ 44 ಮಿ.ಮೀ. ಅಂತರ ಬಿಡಬೇಕಾಗಿತ್ತು. 2008ರಲ್ಲಿ ಪ್ಯಾನಾಸೋನಿಕ್ ಕಂಪನಿಯು ಜಿ1 ಎಂಬ ಮಾದರಿಯಲ್ಲಿ ಕನ್ನಡಿಯನ್ನು ತೆಗೆದುಹಾಕಿ, ಸೆನ್ಸರ್ ಕಾಣುವುದನ್ನೇ ನೇರವಾಗಿ ಒಂದು ಸಣ್ಣ ಪರದೆಯ ಮೂಲಕ ಕಣ್ಣಿಗೆ ತೋರಿಸಿತು. ಈ ಅಂತರ 20 ಮಿ.ಮೀ. ಆಸುಪಾಸಿಗೆ ಇಳಿಯಿತು. 2010ರಲ್ಲಿ ಬಂದ ಸೋನಿಯ ಇ-ಮೌಂಟ್‌ನಲ್ಲಿ ಅದು 18 ಮಿ.ಮೀ. ಮಾತ್ರ. ಯಂತ್ರ ಪುಟ್ಟದಾದದ್ದರ ಮೂಲ ಕಾರಣ ಇದೇ. ಲೆನ್ಸ್ ಮತ್ತು ಬಾಡಿ ಸೇರುವ ಈ ಜೋಡಣೆಯನ್ನು ಮೌಂಟ್ ಎನ್ನುತ್ತಾರೆ, ಮತ್ತು ಕ್ಯಾಮೆರಾದ ಆಯುಸ್ಸನ್ನು ನಿರ್ಧರಿಸುವಲ್ಲಿ ಇದರ ಪಾತ್ರ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಹಳ ದೊಡ್ಡದು.

ಕೊಳ್ಳುವವರು ಹೆಚ್ಚು ಚಿಂತಿಸುವುದು ಸೆನ್ಸರ್ ಹಳತಾಗುವ ಬಗ್ಗೆ. ವಾಸ್ತವದಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಹಳತಾಗುವ ಭಾಗ ಅದೇ. ಬೆಳಕು ಫೋಟಾನ್ ಎಂಬ ಬಿಡಿ ಬಿಡಿ ಕಣಗಳಾಗಿ ಬಂದು ಬೀಳುತ್ತದೆ, ಮತ್ತು ಸೆನ್ಸರಿನ ಪ್ರತಿಯೊಂದು ಪಿಕ್ಸೆಲ್ ತನ್ನ ಪಾಲಿಗೆ ಬಂದ ಫೋಟಾನುಗಳನ್ನು ಎಲೆಕ್ಟ್ರಾನುಗಳಾಗಿ ಪರಿವರ್ತಿಸಿ ಎಣಿಸುತ್ತದೆ. ಮಳೆ ಶುರುವಾದ ಮೊದಲ ಕ್ಷಣಗಳಲ್ಲಿ ಹಂಚಿನ ಮಾಡಿನ ಒಂದು ಹಂಚಿಗೆ ಮೂರು ಹನಿ ಬಿದ್ದರೆ ಪಕ್ಕದ ಹಂಚಿಗೆ ಏಳು ಬೀಳುವಂತೆ, ಒಂದೇ ಬಣ್ಣದ ಗೋಡೆಯಿಂದ ಬಂದ ಬೆಳಕೂ ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಈ ಏರುಪೇರು ಬಂದ ಕಣಗಳ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ: 100 ಫೋಟಾನ್ ಬಂದಲ್ಲಿ ವ್ಯತ್ಯಾಸ ಸುಮಾರು 10, ಎಂದರೆ ನೂರಕ್ಕೆ ಹತ್ತು, 10,000 ಬಂದಲ್ಲಿ ವ್ಯತ್ಯಾಸ 100, ಎಂದರೆ ನೂರಕ್ಕೆ ಒಂದು. ಮಂದ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಕಾಣುವ ಮರಳು ಮರಳಾದ ಕಲೆಗಳನ್ನು ನಾಯ್ಸ್ ಎಂದು ಕರೆಯುತ್ತಾರೆ. ಅದರ ಬಹುಪಾಲು ಹುಟ್ಟುವುದು ಬೆಳಕಿನ ಈ ಸ್ವಭಾವದಿಂದಲೇ ಆದ್ದರಿಂದ ಯಾವ ಕಂಪನಿಯೂ ಅದನ್ನು ಸೆನ್ಸರ್ ಸುಧಾರಿಸಿ ಅಳಿಸಲಾರದು.

ಸುಧಾರಿಸಬಹುದಾದದ್ದು ಬಂದ ಫೋಟಾನುಗಳಲ್ಲಿ ಎಷ್ಟನ್ನು ಹಿಡಿಯಲಾಗುತ್ತದೆ ಎಂಬ ಪ್ರಮಾಣ ಮಾತ್ರ. ಇಂದಿನ ಸೆನ್ಸರ್‌ಗಳು ತಮ್ಮ ಬಣ್ಣದ ಸೋಸುಗವನ್ನು ದಾಟಿ ಬಂದ ಬೆಳಕಿನಲ್ಲಿ ಈಗಾಗಲೇ ಅರ್ಧಕ್ಕಿಂತ ಹೆಚ್ಚನ್ನು ಹಿಡಿಯುತ್ತಿರುವುದರಿಂದ, ನಾಳೆ ಒಂದು ಫೋಟಾನನ್ನೂ ಬಿಡದ ಪರಿಪೂರ್ಣ ಸೆನ್ಸರ್ ಬಂದರೂ ಇದೇ ಗಾತ್ರದಲ್ಲಿ ಸಿಗುವ ಲಾಭ ಬೆಳಕಿನ ಪ್ರಮಾಣ ಎರಡು ಪಟ್ಟಾಗುವುದರೊಳಗೇ ಮುಗಿಯುತ್ತದೆ. ಛಾಯಾಗ್ರಾಹಕರು ಇದನ್ನು ಒಂದು ಸ್ಟಾಪ್ ಎನ್ನುತ್ತಾರೆ. ಸೋನಿಯದೇ 2018ರ 24 ಮೆಗಾಪಿಕ್ಸೆಲ್ ಎ7-3 ಮತ್ತು 2023ರ ಎ7ಸಿ-2 ತೆಗೆದ ಚಿತ್ರಗಳನ್ನು ಒಂದೇ ಅಳತೆಯಲ್ಲಿ ಮುದ್ರಿಸಿಟ್ಟರೆ, ಮಂದ ಬೆಳಕಿನಲ್ಲಿಯೂ ಎರಡರ ನಡುವಿನ ಅಂತರವನ್ನು ಗುರುತಿಸುವುದು ಕಷ್ಟ. ಹೆಚ್ಚು ಬೆಳಕು ಹಿಡಿಯಬೇಕೆಂದರೆ ಉಳಿದಿರುವ ದಾರಿ ಸೆನ್ಸರಿನ ವಿಸ್ತೀರ್ಣ ಹೆಚ್ಚಿಸುವುದು. ಈ ಕ್ಯಾಮೆರಾದಲ್ಲಿ ಅದು 864 ಚದರ ಮಿ.ಮೀ. ಇದ್ದು, ಒಳ್ಳೆಯ ಮೊಬೈಲ್ ಫೋನುಗಳ ಮುಖ್ಯ ಸೆನ್ಸರ್‌ಗಳಿಗಿಂತ ಬಹುತೇಕ ಹತ್ತು ಪಟ್ಟಿನಷ್ಟು ದೊಡ್ಡದಾಗಿರುತ್ತದೆ. ಆ ಅನುಕೂಲ ವರ್ಷ ಕಳೆದಂತೆ ಕರಗುವಂಥದ್ದಲ್ಲ. ಬಿಡಿಬಿಡಿಯಾಗಿ ಕೆಲವು ಪಿಕ್ಸೆಲ್‌ಗಳು ಕೆಟ್ಟು ಸದಾ ಉರಿಯುವ ಚುಕ್ಕೆಗಳಾಗುವುದುಂಟು, ಆದರೆ ಪಿಕ್ಸೆಲ್ ಮ್ಯಾಪಿಂಗ್ ಎಂಬ ಕ್ರಮದಿಂದ ಕ್ಯಾಮೆರಾ ಅವುಗಳನ್ನು ಗುರುತಿಸಿ ಪಕ್ಕದ ಪಿಕ್ಸೆಲ್‌ಗಳ ಬೆಲೆಯಿಂದ ತುಂಬಿಕೊಳ್ಳುತ್ತದೆ. ಇನ್ನು 33 ಮೆಗಾಪಿಕ್ಸೆಲ್ ಎಂದರೆ ಅಗಲಕ್ಕೆ 7008, ಎತ್ತರಕ್ಕೆ 4672 ಪಿಕ್ಸೆಲ್. ಇಂಚಿಗೆ 300 ಚುಕ್ಕೆಗಳ ನುಣುಪು ಮುದ್ರಣದಲ್ಲಿ ಇದು 23 ಇಂಚಿಗೂ ಅಗಲವಾದ ಚಿತ್ರವಾಗುತ್ತದೆ. ಮನೆಯ ಗೋಡೆಗಾಗಲೀ ಪತ್ರಿಕೆಯ ಎರಡು ಪುಟದ ಹರವಿಗಾಗಲೀ ಇದಕ್ಕಿಂತ ಹೆಚ್ಚು ಬೇಕಾಗುವ ಸಂದರ್ಭ ವಿರಳ.

ಚಲಿಸುವ ಭಾಗಗಳ ಕಥೆ ಬೇರೆ. ಕನ್ನಡಿ ಹೋದ ಮೇಲೂ ಶಟರ್ ಉಳಿದುಕೊಂಡಿದೆ. ಸೆನ್ಸರಿನ ಮುಂದೆ ಸೆಕೆಂಡಿನ ಸಣ್ಣ ಅಂಶದಲ್ಲಿ ಸರಿದುಹೋಗುವ ತೆಳು ಅಲಗುಗಳ ಪರದೆ ಅದು. ಸಾಂಪ್ರದಾಯಿಕ ಶಟರಿನಲ್ಲಿ ಇಂಥ ಎರಡು ಪರದೆಗಳಿದ್ದು, ಮೊದಲನೆಯದು ಸರಿದಾಗ ಬೆಳಕು ಬೀಳಲು ತೊಡಗುತ್ತದೆ, ಎರಡನೆಯದು ಬಂದು ಮುಚ್ಚಿದಾಗ ನಿಲ್ಲುತ್ತದೆ. ಎ7ಸಿ-2ರಲ್ಲಿ ಗಾತ್ರ ಇಳಿಸುವುದಕ್ಕಾಗಿ ಮೊದಲ ಪರದೆಯನ್ನೇ ಬಿಟ್ಟು, ಸೆನ್ಸರಿನ ಸಾಲುಗಳನ್ನು ಒಂದಾದ ಮೇಲೊಂದರಂತೆ ವಿದ್ಯುತ್ತಿನಿಂದ ಚಾಲೂ ಮಾಡಿ ಆರಂಭದ ಕೆಲಸ ಮುಗಿಸಲಾಗುತ್ತದೆ. ಮುಚ್ಚುವ ಪರದೆ ಮಾತ್ರ ನಿಜವಾದದ್ದು. ಯಾಂತ್ರಿಕ ಭಾಗ ಕಡಿಮೆಯಾದಷ್ಟೂ ಸವೆತ ಕಡಿಮೆ, ಅಲುಗಾಟವೂ ಕಡಿಮೆ. ಆದರೆ ಅತಿ ವೇಗದ ಶಟರಿನಲ್ಲಿ ಲೆನ್ಸನ್ನು ಪೂರ್ತಿ ತೆರೆದು ತೆಗೆದಾಗ ಹಿನ್ನೆಲೆಯ ಮಸುಕು ಬೆಳಕಿನ ಬಿಲ್ಲೆಗಳು ಒಂದು ಅಂಚಿನಲ್ಲಿ ಕತ್ತರಿಸಿದಂತೆ ಕಾಣಬಹುದು.

ಶಟರುಗಳನ್ನು ಸಾಮಾನ್ಯವಾಗಿ ಒಂದರಿಂದ ಎರಡು ಲಕ್ಷ ಬಾರಿ ಬಾಳುವಂತೆ ರೂಪಿಸಲಾಗುತ್ತದೆ. ದಿನಕ್ಕೆ 20 ಚಿತ್ರ ತೆಗೆಯುವ ಹವ್ಯಾಸಿಗೆ ವರ್ಷಕ್ಕೆ 7,300 ಚಿತ್ರಗಳಾಗಿ ಒಂದು ಲಕ್ಷ ಮುಟ್ಟಲು ಹದಿಮೂರು ವರ್ಷ ದಾಟುತ್ತದೆ; ಒಂದೊಂದು ಮದುವೆಯಲ್ಲಿ 2,000 ಚಿತ್ರ ತೆಗೆಯುವ ವೃತ್ತಿಯವರಿಗೆ ಐವತ್ತು ಮದುವೆಗಳೇ ಸಾಕು. ಶಟರನ್ನು ಪೂರ್ತಿ ನಿಲ್ಲಿಸಿ ಸೆನ್ಸರಿನಿಂದಲೇ ಸದ್ದಿಲ್ಲದೆ ತೆಗೆಯುವ ಅನುಕೂಲವೂ ಇದೆ. ಆದರೆ ಈ ಸೆನ್ಸರಿನ ಎಲ್ಲ ಸಾಲುಗಳನ್ನು ಓದಿ ಮುಗಿಸಲು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ, ಮತ್ತು ಅಷ್ಟರಲ್ಲಿ ನಿಮಿಷಕ್ಕೆ 300 ಸುತ್ತು ತಿರುಗುವ ಸೀಲಿಂಗ್ ಫ್ಯಾನು ಸುತ್ತಿನ ಮೂರನೇ ಒಂದು ಭಾಗ ಮುಂದೆ ಹೋಗಿರುವುದರಿಂದ ಅದರ ರೆಕ್ಕೆಗಳು ಚಿತ್ರದಲ್ಲಿ ಕತ್ತಿಯಂತೆ ಬಾಗಿ ಮೂಡುತ್ತವೆ. ಹಾರುವ ಹಕ್ಕಿಯ ರೆಕ್ಕೆಗೂ ಇದೇ ಗತಿ. 2021ರ ನಿಕಾನ್ ಝಡ್9 ಯಾಂತ್ರಿಕ ಶಟರನ್ನೇ ಕೈಬಿಡುವಷ್ಟು ವೇಗವಾಗಿ ಓದುವ ಸೆನ್ಸರ್ ಹೊಂದಿದೆ. 2023ರ ಕೊನೆಯಲ್ಲಿ ಪ್ರಕಟವಾದ ಸೋನಿ ಎ9-3 ಎಲ್ಲ ಪಿಕ್ಸೆಲ್‌ಗಳನ್ನೂ ಏಕಕಾಲಕ್ಕೆ ಸೆರೆಹಿಡಿಯುತ್ತದೆ. ಮುಂದಿನ ವರ್ಷಗಳಲ್ಲಿ ಪುಟ್ಟ ಕ್ಯಾಮೆರಾಗಳಿಗೆ ಇಳಿದು ಬರಲಿರುವ ನಿಜವಾದ ಪ್ರಗತಿ ಇದೇ ವೇಗ. ಚಿತ್ರದ ಗುಣಮಟ್ಟಕ್ಕಾಗಿ ಕ್ಯಾಮೆರಾ ಬದಲಿಸುವುದರಲ್ಲಿ ಅರ್ಥವಿಲ್ಲದಿದ್ದರೂ, ಮಿಂಚುಳ್ಳಿಯ ಮುಳುಗನ್ನೋ ಕಬಡ್ಡಿಯ ಹಿಡಿತವನ್ನೋ ಚಿತ್ರಿಸುವವರಿಗೆ ಬದಲಿಸುವ ಕಾರಣ ಬಂದೇ ಬರುತ್ತದೆ.

ಕೈನಡುಕವನ್ನು ಸರಿದೂಗಿಸಲು ಸೆನ್ಸರನ್ನು ವಿದ್ಯುತ್ಕಾಂತಗಳ ನಡುವೆ ತೇಲಿಸಿಟ್ಟಿರುವ ವ್ಯವಸ್ಥೆ, ಅದನ್ನು ಉಳಿದ ವಿದ್ಯುನ್ಮಂಡಲಕ್ಕೆ ಜೋಡಿಸುವ ಕಾಗದದಷ್ಟು ತೆಳುವಾದ ಬಾಗುವ ಕೇಬಲ್ಲು, ಮಡಚಿ ಬಿಚ್ಚುವ ಪರದೆಯ ತಿರುಗಣೆ ಇವೆಲ್ಲ ಕೆಟ್ಟರೆ ಊರಿನ ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಸರಿಹೋಗುವುದು ಕಷ್ಟ. ಹಳೆಯ ಫಿಲ್ಮ್ ಕ್ಯಾಮೆರಾದ ಮುರಿದ ಹಲ್ಲುಚಕ್ರವನ್ನು ನುರಿತ ಕೆಲಸಗಾರನೊಬ್ಬ ಕಡೆದು ಕೂರಿಸಬಹುದಾಗಿತ್ತು. ಇಲ್ಲಿ ಇಡೀ ಬೋರ್ಡನ್ನು ಬದಲಿಸಬೇಕು, ಮತ್ತು ಆ ಬೋರ್ಡು ಕಂಪನಿಯ ದಾಸ್ತಾನಿನಲ್ಲಿ ಇರುವಷ್ಟು ಕಾಲ ಮಾತ್ರ ರಿಪೇರಿ ಸಾಧ್ಯ. ಮಿರರ್‌ಲೆಸ್ ತಂತ್ರಜ್ಞಾನದ ಎಲ್ಲ ಸೊಗಸಿನ ನಡುವೆ ಇದೊಂದು ನಿಜವಾದ ನಷ್ಟವೆಂದು ಒಪ್ಪಲೇಬೇಕು.

ಆದರೂ ಸುಸ್ಥಿತಿಯಲ್ಲಿರುವ ಕ್ಯಾಮೆರಾವನ್ನೇ ಅಕಾಲದಲ್ಲಿ ಮೂಲೆಗೆ ತಳ್ಳುವುದು ಮೌಂಟ್. ನಿಕಾನ್ 2011ರಲ್ಲಿ ನಿಕಾನ್-1 ಎಂಬ ಪುಟ್ಟ ಮಿರರ್‌ಲೆಸ್ ಸಾಲನ್ನು ಆರಂಭಿಸಿ 2018ರಲ್ಲಿ ನಿಲ್ಲಿಸಿತು. 2010ರಲ್ಲಿ ಎನ್‌ಎಕ್ಸ್ ಸಾಲನ್ನು ತಂದ ಸ್ಯಾಮ್‌ಸಂಗ್ ಕೆಲವೇ ವರ್ಷಗಳಲ್ಲಿ ಈ ವ್ಯಾಪಾರವನ್ನೇ ಬಿಟ್ಟಿತು. ಕ್ಯಾನನ್‌ನ ಇಎಫ್-ಎಂ ಮೌಂಟಿನದು ಇನ್ನೂ ಬೋಧಪ್ರದ ಪ್ರಸಂಗ. 2012ರಲ್ಲಿ ಹುಟ್ಟಿದ ಈ ಮೌಂಟಿನಲ್ಲಿ ಲೆನ್ಸು ಸೆನ್ಸರಿನಿಂದ 18 ಮಿ.ಮೀ. ದೂರದಲ್ಲಿ ಕೂರುತ್ತಿತ್ತು, 2018ರಲ್ಲಿ ಅದೇ ಕಂಪನಿ ತಂದ ಆರ್‌ಎಫ್ ಮೌಂಟಿನಲ್ಲಿ ಆ ದೂರ 20 ಮಿ.ಮೀ. ಅಡಾಪ್ಟರ್ ಎಂಬ ನಡುಬಳೆ ದೂರವನ್ನು ಹೆಚ್ಚಿಸಬಲ್ಲದೇ ಹೊರತು ಕಡಿಮೆ ಮಾಡಲಾರದು. ಹೀಗಾಗಿ ಇಎಫ್-ಎಂ ಲೆನ್ಸುಗಳನ್ನು ಹೊಸ ಬಾಡಿಗೆ ಹಾಕಿ ದೂರದ ದೃಶ್ಯವನ್ನು ಸ್ಪಷ್ಟವಾಗಿ ಮೂಡಿಸುವ ಸರಳ ಮಾರ್ಗವೇ ಇಲ್ಲ. ಆ ಎರಡು ಮಿಲಿಮೀಟರ್ ಇಡೀ ಲೆನ್ಸು ಸಂಗ್ರಹವನ್ನು ಅನಾಥವಾಗಿಸಿತು. ಇದಕ್ಕೆ ಪ್ರತಿಯಾಗಿ, 1987ರಿಂದ ಬಂದ ಕ್ಯಾನನ್‌ನ 44 ಮಿ.ಮೀ. ಇಎಫ್ ಲೆನ್ಸುಗಳು 24 ಮಿ.ಮೀ. ದಪ್ಪದ ನಡುಬಳೆಯೊಂದಿಗೆ ಆರ್‌ಎಫ್ ಬಾಡಿಗಳಲ್ಲಿ ಸ್ವಯಂಚಾಲಿತ ಫೋಕಸ್ ಸಮೇತ ಕೆಲಸ ಮಾಡುತ್ತವೆ, ಮತ್ತು 1959ರ ನಿಕಾನ್ ಎಫ್ ಲೆನ್ಸನ್ನು ಕೈಯಿಂದ ಫೋಕಸ್ ಮಾಡಿಕೊಂಡು ಸೋನಿ ಬಾಡಿಯ ಮೇಲೆ ಇಂದಿಗೂ ಬಳಸಬಹುದು. ಈ ದೃಷ್ಟಿಯಿಂದ ಎ7ಸಿ-2ರ ಸ್ಥಿತಿ ಗಟ್ಟಿಯಾಗಿದೆ. ಅದರ ಮೌಂಟು ಒಂದೂವರೆ ದಶಕ ಬಾಳಿದೆ, ಹೊರಗಿನ ಹಲವು ಲೆನ್ಸು ತಯಾರಕರೂ ಅದಕ್ಕೆ ಲೆನ್ಸು ಮಾಡುತ್ತಿದ್ದಾರೆ.

ಮಲೆನಾಡು ಮತ್ತು ಕರಾವಳಿಯ ಓದುಗರಿಗೆ ಈ ಎಲ್ಲ ಲೆಕ್ಕಗಳಿಗಿಂತ ಮುಂಚೆ ಎದುರಾಗುವ ಶತ್ರು ಫಂಗಸ್. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇದ್ದು, ಗಾಳಿಯ ತೇವಾಂಶ ನೂರಕ್ಕೆ 65-70ನ್ನು ಮೀರಿ ವಾರಗಟ್ಟಲೆ ನಿಂತರೆ ಲೆನ್ಸಿನೊಳಗಿನ ಧೂಳು, ಎಣ್ಣೆಯಂಶಗಳನ್ನೇ ಆಹಾರ ಮಾಡಿಕೊಂಡು ಗಾಜಿನ ಮೇಲೆ ಜೇಡನ ಬಲೆಯಂಥ ಎಳೆಗಳನ್ನು ಹರಡುತ್ತವೆ. ಅವು ಸ್ರವಿಸುವ ಆಮ್ಲ ಗಾಜಿನ ಮೇಲಿನ ತೆಳು ಲೇಪವನ್ನು ಕೊರೆದುಬಿಟ್ಟ ಮೇಲೆ ಎಳೆಗಳನ್ನು ಒರೆಸಿ ತೆಗೆದರೂ ಗುರುತು ಉಳಿಯುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಅದರ ಬ್ಯಾಗಿನಲ್ಲೇ ಕಟ್ಟಿ ಬೀರುವಿನಲ್ಲಿಡುವುದು ಬೂಷ್ಟಿಗೆ ಆಹ್ವಾನ ಕೊಟ್ಟಂತೆ, ಏಕೆಂದರೆ ಬಟ್ಟೆಯೂ ಸ್ಪಂಜೂ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ತೇವಾಂಶವನ್ನು ನೂರಕ್ಕೆ 40ರಿಂದ 50ರ ನಡುವೆ ಕಾಯುವ ಡ್ರೈ ಕ್ಯಾಬಿನೆಟ್ ಉತ್ತಮ. ಅದಿಲ್ಲದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಜೊತೆಗೊಂದು ಅಗ್ಗದ ತೇವಮಾಪಕ ಸಾಕು. ಜೆಲ್ಲಿನ ಬಣ್ಣ ತಿರುಗಿದೊಡನೆ ಅದನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಎಲ್ಲಕ್ಕಿಂತ ಮಿಗಿಲಾದ ರಕ್ಷಣೆ ಕ್ಯಾಮೆರಾವನ್ನು ಆಗಾಗ ಹೊರಗೆ ತೆಗೆದು ಬಳಸುವುದೇ.

ಇಷ್ಟನ್ನು ಗಮನಿಸಿದರೆ, ಕುಟುಂಬ, ಪ್ರವಾಸ, ಜಾತ್ರೆ, ತೋಟ, ಮನುಷ್ಯರ ಮುಖಗಳನ್ನು ಚಿತ್ರಿಸುವವರು ಈ ಬಗೆಯ ಕ್ಯಾಮೆರಾವನ್ನು ಹತ್ತು ವರ್ಷ ಇಟ್ಟುಕೊಳ್ಳುವುದು ಖಂಡಿತ ಸಾರ್ಥಕ, ಮತ್ತು ನಡುವೆ ಬರುವ ಎರಡು ಮೂರು ಹೊಸ ಮಾದರಿಗಳಿಗೆ ಹಾಕಬಹುದಾದ ಹಣ ಒಂದು ಒಳ್ಳೆಯ ಲೆನ್ಸಿಗೆ ಹೋಗುವುದು ಲೇಸು. ಬಾಡಿಯೊಳಗೆ ಸೋಲಲಿರುವ ಮೊದಲ ಭಾಗ ಬಹುಶಃ ಬ್ಯಾಟರಿಯಾಗಿರುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿಗಳು 300ರಿಂದ 500 ಬಾರಿ ಪೂರ್ತಿ ತುಂಬಿ ಬರಿದಾದ ಮೇಲೆ ಮೂಲ ಸಾಮರ್ಥ್ಯದ ನೂರಕ್ಕೆ 80ರ ಆಸುಪಾಸಿಗೆ ಇಳಿಯುತ್ತವೆ, ಬಳಸದೆ ಇಟ್ಟರೂ ನಿಧಾನವಾಗಿ ಸವೆಯುತ್ತವೆ. ಎ7ಸಿ-2ರಲ್ಲಿರುವ ಎನ್‌ಪಿ-ಎಫ್‌ಝಡ್100 ಎಂಬ ಬ್ಯಾಟರಿಯನ್ನು ಸೋನಿ 2017ರಿಂದ ತನ್ನ ಹಲವು ಮಾದರಿಗಳಲ್ಲಿ ಬಳಸುತ್ತ ಬಂದಿರುವುದರಿಂದ ಅದು ಇನ್ನೂ ಬಹುಕಾಲ ಸಿಗುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಕಂಪನಿಯ ಅಸಲಿ ಬ್ಯಾಟರಿ ಮಾರಾಟದಲ್ಲಿರುವಾಗಲೇ, ಏಳೆಂಟನೇ ವರ್ಷದ ಹೊತ್ತಿಗೆ, ಹೊಸದೊಂದನ್ನು ಕೊಂಡು, ಬಳಸದ ದಿನಗಳಲ್ಲಿ ಅದನ್ನು ಅರ್ಧದಷ್ಟು ಚಾರ್ಜಿನಲ್ಲಿ, ಕ್ಯಾಮೆರಾದಿಂದ ಹೊರತೆಗೆದು, ತಂಪಾದ ಒಣ ಜಾಗದಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ಚಾರ್ಜು ನೋಡಿಕೊಳ್ಳುತ್ತಿರಬೇಕು.