ಪಾಲಿಮರ್ ಕ್ಲೇ ಮಣ್ಣಲ್ಲ

"ವೈನಿ, ಮಾಳಿಗಿ ಮ್ಯಾಲ ಬಿಸಲಾಗ ಇಟ್ಟ ಮೂರ ದಿನಾ ಆತ್ರಿ. ಇನ್ನೂ ಬಟ್ಟ ಒತ್ತಿದ್ರ ತಗ್ಗ ಬೀಳತೈತಿ ನೋಡ್ರಿ." ಬೆಳಗಾವಿ ಕಡೆಯಿಂದ ಮದುವೆಯಾಗಿ ಮಹಾರಾಷ್ಟ್ರದ ತಳೇಗಾಂವ ದಾಭಾಡೆಗೆ ಬಂದ ಪಕ್ಕದ ಮನೆಯ ಹುಡುಗಿ ತಾಟಿನಲ್ಲಿ ಪಾಲಿಮರ್ ಕ್ಲೇಯ ಹನ್ನೆರಡು ನೀಲಿ ಮಣಿ ತಂದು ನನ್ನ ಮುಂದಿಟ್ಟಳು. ಮೇಲೆಲ್ಲ ಧೂಳು ಕೂತಿತ್ತು. ತವರಿನಲ್ಲಿ ಟೆರಾಕೋಟಾ ಓಲೆ ಮಾಡಿ ಪಳಗಿದ ಕೈ ಅವಳದು. ಮಣ್ಣು ಅಂದಮೇಲೆ ಮೊದಲು ಒಣಗಬೇಕು ಎಂಬ ಲೆಕ್ಕ ಅಲ್ಲಿಂದಲೇ ಬಂದಿದ್ದು.

ಈ ಕೆಲಸದಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಆ ಒಂದು ಹೆಸರಿನಿಂದಲೇ ಹುಟ್ಟಿದವು. ಕ್ಲೇ ಅಂದರೂ ಇದರಲ್ಲಿ ಜೇಡಿಮಣ್ಣು ಆಧಾರವಲ್ಲ. ಮನೆಯ ನಲ್ಲಿ ಪೈಪಿಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ಕಿನ ನುಣ್ಣನೆ ಪುಡಿಯನ್ನು ಎಣ್ಣೆಯಂಥ ಮೃದುಕಾರಕದಲ್ಲಿ ಕಲಸಿ, ಬಣ್ಣ ಬೆರೆಸಿದ ಮುದ್ದೆ ಇದು. ನೀರೇ ಇಲ್ಲದ ಮೇಲೆ ಒಣಗುವುದೇನು? ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಶಾಖ ತಗಲಿದಾಗ ಪುಡಿಯ ಕಣಗಳು ಆ ದ್ರವವನ್ನು ಹೀರಿಕೊಂಡು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕುದಿಯುವ ನೀರಿನಲ್ಲಿ ಹಾಕಿದರೂ ಸಾಲದು. ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವ ನಮ್ಮೂರಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ.

ಅವಳು ಬಿಸಿಲಿಗಿಟ್ಟಿದ್ದು ಜನವರಿಯಲ್ಲಿ, ಅದೇ ಪುಣ್ಯ. ಏಪ್ರಿಲ್ ಬಿಸಿಲಾಗಿದ್ದರೆ ಅತ್ತ ಬೇಯದೆ ಇತ್ತ ಹಸಿಯಾಗಿಯೂ ಉಳಿಯದೆ, ನಾದಲು ಹೋದರೆ ಪುಡಿಪುಡಿ ಉದುರುತ್ತಿತ್ತು.

ಜರ್ಮನಿಯಲ್ಲಿ ಗೊಂಬೆ ತಯಾರಕಿ ಕೇಥೆ ಕ್ರೂಸೆಯ ಮಗಳು, ಫಿಫಿ ಎಂದು ಮನೆಯವರು ಕರೆಯುತ್ತಿದ್ದವಳು, ಇಂಥದೊಂದು ವಸ್ತುವನ್ನು 'ಫಿಫಿ ಮೊಸಾಯಿಕ್' ಎಂದು ಮಾರುತ್ತಿದ್ದಳು. 1964ರಲ್ಲಿ ಅದು ಎಬರ್‌ಹಾರ್ಡ್ ಫಾಬರ್ ಕಂಪನಿಯ ಕೈಸೇರಿತು, ಮುಂದೆ 'ಫಿಮೊ' ಆಯಿತು. ನಮ್ಮಲ್ಲಿ ಸ್ಟೇಷನರಿ ಅಂಗಡಿಗೆ ಹೋಗಿ ಕ್ಲೇ ಕೊಡಿ ಅಂದರೆ ಫೆವಿಕ್ರಿಲ್ ಮೋಲ್ಡಿಟ್ ಕೈಗೆ ಬರುವುದೂ ಉಂಟು. ಅದು ಎರಡು ಮುದ್ದೆ ಬೆರೆಸಿ ಬಳಸುವ ಎಪಾಕ್ಸಿ. ಬೆರೆತ ಮೇಲೆ ತಾನಾಗಿಯೇ ಗಟ್ಟಿಯಾಗುತ್ತದೆ, ಬೇಯಿಸುವ ಹಾಗಿಲ್ಲ. ಪೊಟ್ಟಣದ ಮೇಲಿನ ಬರಹ ಓದದೆ ದುಡ್ಡು ಕೊಡಬೇಡಿ.

ಮತ್ತೊಂದು ಗಟ್ಟಿ ನಂಬಿಕೆ: ಬೆಂಕಿ ಹೆಚ್ಚಾದಷ್ಟೂ ಒಡವೆ ಗಟ್ಟಿ. ತಳೇಗಾಂವದಂಥ ಊರಿನಲ್ಲಿ ಇದು ಸಹಜವೇ. ಅಂತಾಜಿ ದಾಮೋದರ ಕಾಳೆಯವರು ಜನರಿಂದ ಪೈಸೆ ಪೈಸೆ ಕೂಡಿಸಿದ ನಿಧಿಯಿಂದ, ಲೋಕಮಾನ್ಯ ತಿಲಕರ ಬೆಂಬಲದೊಂದಿಗೆ, 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾದದ್ದು ಇಲ್ಲಿಯೇ. ಗಾಜಿಗೆ ಸಾವಿರ ಡಿಗ್ರಿ ದಾಟಿದ ಕುಲುಮೆ ಬೇಕು, ಟೆರಾಕೋಟಾಕ್ಕೂ ನೂರಾರು ಡಿಗ್ರಿ ಬೇಕು. ಪಾಲಿಮರ್ ಕ್ಲೇಗೆ ಆ ಲೆಕ್ಕ ಹಚ್ಚಿದರೆ ಅದು ಗಟ್ಟಿಯಾಗುವುದಿಲ್ಲ, ಕರಕಲಾಗುತ್ತದೆ. ಪಿವಿಸಿ ಸುಟ್ಟರೆ ಕಣ್ಣು, ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ಹಾಗಾದರೆ ಕ್ಲೇ ಬೇಯಿಸುತ್ತಿರುವ ಓಟಿಜಿ (ಸಣ್ಣ ವಿದ್ಯುತ್ ಓವನ್) ಆರಿಸಿ, ಕಿಟಕಿ ತೆರೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ನಡೆಯಿರಿ. ಹದವಾದ ಶಾಖದಲ್ಲಿ ಈ ತೊಂದರೆ ಇಲ್ಲ.

ಓಟಿಜಿಯ ಗುಂಡಿ 130 ತೋರಿಸಿದ ಮಾತ್ರಕ್ಕೆ ಒಳಗೆ 130 ಇರುತ್ತದೆಂದು ನಂಬಬೇಡಿ. ನನ್ನ ಮೊದಲ ಸರದ ಮಣಿಗಳು ಕಾಯುವ ಸರಳಿನ ಕಡೆಗೆ ಕಂದಾಗಿದ್ದವು, ಇನ್ನೊಂದು ಕಡೆ ಚೆನ್ನಾಗಿದ್ದವು. ಈಗ ಒಳಗೆ ಬೇರೆ ಥರ್ಮಾಮೀಟರ್ ಇಡುತ್ತೇನೆ, ಮಣಿಗಳನ್ನು ನೆಲದ ಟೈಲ್ಸಿನ ತುಂಡಿನ ಮೇಲೆ ಜೋಡಿಸಿ ಫಾಯಿಲ್ ಮುಚ್ಚುತ್ತೇನೆ. ಕಾಲು ಇಂಚು ದಪ್ಪಕ್ಕೆ ಅರ್ಧ ತಾಸು. ಶಾಖ ಏರಿಸಿ ಹೊತ್ತು ಉಳಿಸುವ ಆಸೆ ಬೇಡ. ಪಟ್ಟನೆ ಮುರಿಯುವ ಓಲೆ ಹೆಚ್ಚಾಗಿ ಅರೆಬೆಂದದ್ದೇ ಆಗಿರುತ್ತದೆ.

ಇನ್ನು ಕ್ಲೇಗೆ ಒಡವೆಯ ಆಕಾರ ಕೊಡುವ ಅಚ್ಚಿನ ಮಾತು. ದುಬಾರಿ ಸಾಮಾನೇ ಬೇಕು ಎಂಬುದು ಸುಳ್ಳು. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಸೀಲಂಟ್ ಟ್ಯೂಬು, ಅಡುಗೆಮನೆಯ ಕಾರ್ನ್‌ಫ್ಲೋರ್ ಎರಡೇ ಸಾಕು. ನಮ್ಮ ಕಡೆಯವರಿಗೆ ಒಂದು ಮಾತು: ಜೋಳದ ಹಿಟ್ಟು ಅಂತ ಬರೆದದ್ದು ಕಂಡು ರೊಟ್ಟಿ ಹಿಟ್ಟಿಗೆ ಕೈಹಾಕಬೇಡಿ, ಬೇಕಾದದ್ದು ಮೆಕ್ಕೆಜೋಳದ ಬಿಳಿ ಪಿಷ್ಟ. ಕೈಗವಸು ಹಾಕಿ ಎರಡನ್ನೂ ಕಣಕದ ಹದಕ್ಕೆ ನಾದಿ, ಒತ್ತಬೇಕಾದ ವಸ್ತುವನ್ನು ಒತ್ತಿ ಬಿಟ್ಟರೆ ಮೆತ್ತಗೆ ಬಾಗುವ ಅಚ್ಚು ಸಿದ್ಧ.

ಮಳೆಗಾಲದಲ್ಲಿ ಅಚ್ಚು ಕೂಡದು ಅನ್ನುವವರಿದ್ದಾರೆ. ಸಂಗತಿ ತಿರುವುಮುರುವು. ಸೀಲಂಟ್ ಗಟ್ಟಿಯಾಗುವುದೇ ತೇವಾಂಶದಿಂದ. ಕಾರ್ನ್‌ಫ್ಲೋರ್ ಬೆರೆಸುವುದೂ ಅದಕ್ಕಾಗಿಯೇ, ತನ್ನೊಳಗಿನ ತೇವವನ್ನು ಅದು ಮುದ್ದೆಯ ನಡುವಿನವರೆಗೂ ಒಯ್ಯುತ್ತದೆ. ನಮ್ಮ ಮಾವಳ ಸೀಮೆಯ ಜುಲೈ ಮಳೆ ಈ ಕೆಲಸಕ್ಕೆ ಒದಗಿಬರುತ್ತದೆ.

ನನ್ನನ್ನು ನಿಜಕ್ಕೂ ಕಾಡುವುದು ಸಿಲಿಕೋನಿನಿಂದ ಒಡವೆಗೆ ಏನೂ ಆಗುವುದಿಲ್ಲ ಎಂಬ ಧೈರ್ಯ. ಕಳೆದ ಸಂಕ್ರಾಂತಿಗೆ ಎದುರು ಮನೆಯ ಕಾಕು ತಮ್ಮ ಅತ್ತೆಯ ಮುತ್ತಿನ ನಥ್ (ಮೂಗಿನ ನತ್ತು) ತಂದು, ಇದರ ಅಚ್ಚು ತೆಗೆದುಕೊಡು ಅಂದರು. ವಿನೆಗರ್ ವಾಸನೆ ಬರುವ ಸೀಲಂಟು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುತ್ತು, ಹವಳ ಎರಡರ ಜೀವಾಳವೂ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ ಅದನ್ನು ತಿನ್ನುತ್ತದೆ. ಹಿತ್ತಾಳೆ, ತಾಮ್ರ ಬಣ್ಣಗೆಡುತ್ತವೆ. ಅದೂ ಅಲ್ಲದೆ ತಂತಿಗೆ ಪೋಣಿಸಿದ ಮುತ್ತಿನ ಹಿಂದೆ ಮುದ್ದೆ ಸಿಕ್ಕಿಕೊಂಡರೆ ಎಳೆಯುವಾಗ ನಥ್ ಸಡಿಲವಾಗುವುದು ಖಂಡಿತ. ನಥ್ ವಾಪಸು ಕೊಟ್ಟೆ. ಅವರ ಪುತಳಿ ಹಾರದ ಒಂದು ಬಿಲ್ಲೆ ಕೇಳಿ ತೆಗೆದುಕೊಂಡೆ. ನಮ್ಮ ಕಾಸಿನ ಸರದ ಕಾಸಿನಂಥದೇ ಅದು: ಚಪ್ಪಟೆ, ಹಿಂದೆ ಸಿಕ್ಕಿಕೊಳ್ಳುವ ಸಂದಿಲ್ಲ. ಅಂಥ ಹಳೆಯ ಒಡವೆಗೆ ಸಮಪಾಲು ಬೆರೆಸುವ ಎರಡು ಭಾಗದ ಸಿಲಿಕೋನ್ ಪುಟ್ಟಿಯೇ ಒಳ್ಳೆಯದು. ಅದನ್ನು ಲೇಟೆಕ್ಸ್ ಕೈಗವಸು ಹಾಕಿ ಕಲಸಬೇಡಿ, ಕೆಲವು ಪುಟ್ಟಿ ಲೇಟೆಕ್ಸ್ ತಗಲಿದರೆ ಗಟ್ಟಿಯಾಗುವುದೇ ಇಲ್ಲ.

ಸಿಲಿಕೋನ್ ಅಚ್ಚಿಗೆ ಎಣ್ಣೆ ಸವರುವುದು ಬೇಕಿಲ್ಲ. ಬೇಯಿಸಿದ ಪಾಲಿಮರ್ ಕ್ಲೇಯಿಂದಲೇ ಅಚ್ಚು ಮಾಡಿದ್ದರೆ ಮಾತ್ರ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ. ತೆಳು ಬಿಲ್ಲೆ ಬಿಡಿಸುವಾಗ ಸೊಟ್ಟಗಾಗುತ್ತಿದ್ದರೆ ಸಿಲಿಕೋನ್ ಅಚ್ಚಿನ ಸಮೇತ ಬೇಯಿಸಬಹುದು, ಅಷ್ಟು ಶಾಖವನ್ನು ಅದು ತಡೆಯುತ್ತದೆ. ಗ್ಲೂ ಗನ್ನಿನ ಅಂಟಿನಿಂದ ಮಾಡಿದ ಅಚ್ಚಾದರೆ ಕರಗಿ ಹೋಗುತ್ತದೆ.

ಹೊಳಪಿಗೆಂದು ನೇಲ್ ಪಾಲಿಶ್ ಹಚ್ಚಿದರೆ ಕೆಲವೇ ದಿನಗಳಲ್ಲಿ ಜಿಗುಟಾಗುತ್ತದೆ. ನೀರು ಆಧಾರದ ಅಕ್ರಿಲಿಕ್ ವಾರ್ನಿಷ್ ಸಾಕು. ಬೆಂದ ಮೇಲೆ ನೀರಿಗೆ ಹೆದರಬೇಕಿಲ್ಲ, ಆದರೆ ಊಟದ ಚಮಚ, ಬಟ್ಟಲು ಇದರಿಂದ ಮಾಡಬಾರದು. ಕ್ಲೇ ನಾದಿದ ಪಾತ್ರೆ ಮತ್ತೆ ಅಡುಗೆಗೆ ಬರಬಾರದು.

ಆ ಹನ್ನೆರಡು ಮಣಿಗಳನ್ನು ನಾವಿಬ್ಬರೂ ಮತ್ತೆ ನಾದಿದೆವು. ಧೂಳು ಪೂರ್ತಿ ಹೋಗಲಿಲ್ಲ, ಹಾಗಾಗಿ ಅದನ್ನು ಒಳತಿರುಳು ಮಾಡಿ ಮೇಲೆ ಹೊಸ ನೀಲಿಯ ಹಾಳೆ ಸುತ್ತಿದೆವು. ತಣ್ಣಗಾದ ಮೇಲೆ ಅವಳು ಒಂದಕ್ಕೆ ಉಗುರು ಊರಿದಳು. ಈ ಸಲ ತಗ್ಗು ಬೀಳಲಿಲ್ಲ.